ಎರಡೂವರೆ ವರ್ಷದ ಮಗು, ಐದು ದಿನದ ಸಿಂಗಾಪುರ: ತಯಾರಿ ಹೀಗೆ ಮಾಡಿಕೊಳ್ಳಿ

ಮಗಳಿಗೆ ಎರಡೂವರೆ ವರ್ಷ ಇದ್ದಾಗ ನಾವು ಮೂವರೂ ಸಿಂಗಾಪುರಕ್ಕೆ ಹೋಗಿಬಂದೆವು. ಹೊರಡುವ ಮುಂಚೆ ನಾನು ತಲೆ ಕೆಡಿಸಿಕೊಂಡಿದ್ದೆಲ್ಲ ಯಾವ ಆಟಿಕೆ ಒಯ್ಯಬೇಕು, ವಿಮಾನದಲ್ಲಿ ಯಾವ ಕಾರ್ಟೂನ್ ಹಾಕಬೇಕು ಅಂತ. ನಿಜವಾಗಿ ಸುಸ್ತು ಮಾಡಿದ್ದು ಎರಡೇ ಸಂಗತಿ. ಹೊರಡುವ ಮುಂಚೆ ಕಾಗದಪತ್ರ, ಹೊರಟ ಮೇಲೆ ನಿದ್ದೆ. ಅದಕ್ಕೇ ಇಲ್ಲಿ ಅವೆರಡಕ್ಕೆ ಜಾಗ ಜಾಸ್ತಿ ಕೊಟ್ಟಿದ್ದೇನೆ. ಆಟಿಕೆಯ ಮಾತು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಮನೆಯಲ್ಲಿ ಮೂಲೆಗೆ ಬಿದ್ದಿರುವ ಎರಡು ಹಳೇ ಆಟಿಕೆ, ಒಂದು ಸ್ಟಿಕ್ಕರ್ ಪುಸ್ತಕ, ಸಾಕು.

ಮೊದಲ ಸಲಕ್ಕೆ ಸಿಂಗಾಪುರ ಒಳ್ಳೆಯ ಊರು. ಬೆಂಗಳೂರಿನಿಂದ ನೇರ ವಿಮಾನ ಇದೆ, ಸುಮಾರು ನಾಲ್ಕೂವರೆ ಗಂಟೆ. ನಲ್ಲಿ ನೀರು ಕುಡಿಯಬಹುದು. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಇಡ್ಲಿ ಸಿಗುತ್ತದೆ.

ಮೂರು ತಿಂಗಳ ಮುಂಚೆ: ಜನನ ಪ್ರಮಾಣಪತ್ರ ತೆಗೆದು ನೋಡಿ

ಪಾಸ್‌ಪೋರ್ಟ್ ಅರ್ಜಿಗೆ ಕೂರುವ ಮುಂಚೆ ಮಗುವಿನ ಜನನ ಪ್ರಮಾಣಪತ್ರ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಮಗುವಿನ ಹೆಸರು ಇದೆಯಾ?

ನಮ್ಮದರಲ್ಲಿ ಇರಲಿಲ್ಲ. ಆಸ್ಪತ್ರೆಯಿಂದ ನೋಂದಣಿಗೆ ಹೋದಾಗ ನಾಮಕರಣ ಆಗಿರಲಿಲ್ಲ. ಯಾವ ಅಕ್ಷರದಿಂದ ಹೆಸರಿಡಬೇಕು ಅಂತ ಮಾವ ಪಂಚಾಂಗ ನೋಡುತ್ತಿದ್ದರು. ಆಮೇಲೆ ಹೆಸರು ಇಟ್ಟೆವು, ತೊಟ್ಟಿಲಿಗೆ ಹಾಕಿದೆವು, ಹೋಳಿಗೆ ತಿಂದೆವು. ಪ್ರಮಾಣಪತ್ರದ ಹೆಸರಿನ ಜಾಗ ಮಾತ್ರ ಎರಡು ವರ್ಷ ಖಾಲಿಯೇ ಇತ್ತು. ಹುಟ್ಟಿದ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ. ಆಮೇಲೆ ಸಣ್ಣ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಹುಟ್ಟು ನೋಂದಣಿ ಆದ ಕಚೇರಿಯಲ್ಲೇ ಈ ಕೆಲಸ ಆಗಬೇಕು. ಹೆರಿಗೆ ತವರೂರಿನಲ್ಲಿ ಆಗಿದ್ದರೆ ಒಂದು ಓಡಾಟ ಅಲ್ಲಿಗೂ ಇಟ್ಟುಕೊಳ್ಳಿ. 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್‌ಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ. ಬೇರೆ ದಾರಿ ಇಲ್ಲ.

ಇನ್ನೊಂದು ನಮ್ಮ ಕಡೆಯದೇ ಫಜೀತಿ, ಇನಿಷಿಯಲ್. ಊರಿನ ಹೆಸರಿಗೊಂದು ಅಕ್ಷರ, ಅಪ್ಪನ ಹೆಸರಿಗೊಂದು ಅಕ್ಷರ ಹಾಕಿ ಮುಗಿಸುವುದು ನಮಗೆ ಅಭ್ಯಾಸ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅರ್ಜಿಯಲ್ಲಿ ಸರ್‌ನೇಮ್ ಜಾಗವನ್ನು ಸುಮ್ನೆ ಖಾಲಿ ಬಿಡಬೇಡಿ. ಕೆಲವು ದೇಶಗಳಲ್ಲಿ ಇದು ದೊಡ್ಡ ತಲೆನೋವು. 2022ರ ನವೆಂಬರ್‌ನಿಂದ ದುಬೈ, ಅಬುಧಾಬಿ ಇರುವ ಯುಎಇಯಲ್ಲಿ ಪಾಸ್‌ಪೋರ್ಟ್ ಮೇಲೆ ಒಂದೇ ಹೆಸರು ಇರುವವರನ್ನು ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ. ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಬಿಡುತ್ತಾರೆ. ಈಗ ಸಿಂಗಾಪುರಕ್ಕೇ ಹೋದರೂ ಮುಂದೆ ದುಬೈನಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗುವುದು ಇದ್ದೇ ಇರುತ್ತದೆ, ಅಲ್ವಾ?

ಪಾಸ್‌ಪೋರ್ಟ್

ಅರ್ಜಿ ಆನ್‌ಲೈನ್. ಮಕ್ಕಳ ಪಾಸ್‌ಪೋರ್ಟ್‌ಗೆ 1000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಅದರಲ್ಲಿ 10 ಪ್ರತಿಶತ ರಿಯಾಯಿತಿ. ತತ್ಕಾಲ್ ಆದರೆ ಮೇಲೆ ಇನ್ನೂ 2000. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಅನೆಕ್ಷರ್ ಡಿ ಅನ್ನುವ ಘೋಷಣಾ ಪತ್ರ ಬೇಕು. ಇಬ್ಬರ ಪಾಸ್‌ಪೋರ್ಟ್ ಅಸಲು, ನಕಲು ಎರಡೂ ಒಯ್ಯಿರಿ. ಇಬ್ಬರ ಪಾಸ್‌ಪೋರ್ಟ್‌ನಲ್ಲೂ ಸಂಗಾತಿಯ ಹೆಸರು ಸೇರಿದ್ದರೆ ಕೆಲಸ ಸಲೀಸು, ಸಾಮಾನ್ಯವಾಗಿ ಪೊಲೀಸ್ ಪರಿಶೀಲನೆಯೂ ಇರುವುದಿಲ್ಲ. ಮದುವೆಯಾದ ಮೇಲೆ ಪಾಸ್‌ಪೋರ್ಟ್ ಬದಲಾಯಿಸದವರು ಮೊದಲು ತಮ್ಮದನ್ನು ಸರಿ ಮಾಡಿಕೊಳ್ಳುವುದು ಒಳ್ಳೆಯದು.

ನಾಲ್ಕು ವರ್ಷದೊಳಗಿನ ಮಗುವಿನ ಫೋಟೊ ನಾವೇ ಒಯ್ಯಬೇಕು. ಬಿಳಿ ಹಿನ್ನೆಲೆ, 4.5 x 3.5 ಸೆಂಟಿಮೀಟರ್. ಸ್ಟುಡಿಯೊದಲ್ಲಿ ನಮ್ಮವಳು ಸ್ಟೂಲ್ ಮೇಲೆ ಎರಡು ಸೆಕೆಂಡ್ ಕೂರಲಿಲ್ಲ. ಕೊನೆಗೆ ಮನೆಯಲ್ಲಿ ಕಿಟಕಿ ಪಕ್ಕ ಮಾವನ ಬಿಳಿ ಪಂಚೆ ಹಾಸಿ, ಅವಳನ್ನು ಅಂಗಾತ ಮಲಗಿಸಿ, ಮೇಲಿಂದ ಫೋಟೊ ತೆಗೆದೆವು. ನೆರಳು ಬೀಳದ ಹಾಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ತೆಗೆಯಿರಿ. ಅದೇ ಫೋಟೊ ವೀಸಾಕ್ಕೂ ಬಂತು.

ಸೇವಾ ಕೇಂದ್ರದ ಅಪಾಯಿಂಟ್‌ಮೆಂಟ್ ಮಗುವಿನ ನಿದ್ದೆಯ ಹೊತ್ತಿಗೆ ತೆಗೆದುಕೊಳ್ಳಬೇಡಿ. ನಾವು ಮಧ್ಯಾಹ್ನ ಒಂದೂವರೆಗೆ ತೆಗೆದುಕೊಂಡೆವು. ನಮ್ಮ ಟೋಕನ್ ಬಂದಾಗ ಅವಳು ಭುಜದ ಮೇಲೆ ಬಾಯಿ ತೆರೆದು ಮಲಗಿದ್ದಳು. ಎಬ್ಬಿಸಿದ ಮೇಲಿನ ಕಥೆ ಹೇಳಬೇಕಾಗಿಲ್ಲ.

ವೀಸಾ ಮತ್ತು ಟಿಕೆಟ್

ಸಿಂಗಾಪುರಕ್ಕೆ ಭಾರತೀಯರಿಗೆ ವೀಸಾ ಬೇಕು, ಕೈಗೂಸಿಗೂ ಬೇಕು. ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಸರ್ಕಾರದ ಶುಲ್ಕ ತಲೆಗೆ 30 ಸಿಂಗಾಪುರ ಡಾಲರ್, ಏಜೆಂಟರ ಶುಲ್ಕ ಬೇರೆ. ತಲುಪುವ ದಿನಕ್ಕೆ 30 ದಿನದೊಳಗೆ ಹಾಕಿದರೆ ಸಾಕು, ಅವಸರ ಬೇಡ. ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು.

ತಲುಪುವ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಫಾರ್ಮ್ ತುಂಬಬೇಕು. ಮಗುವಿಗೂ ಒಂದು. ಇದು ಪೂರ್ತಿ ಉಚಿತ. ಹುಡುಕಿದರೆ ಮೊದಲು ಕಾಣುವ ಕೆಲವು ಜಾಲತಾಣಗಳು ಇದಕ್ಕೇ ಸಾವಿರಗಟ್ಟಲೆ ಕೇಳುತ್ತವೆ. ಅಲ್ಲಿನ ವಲಸೆ ಇಲಾಖೆಯದೇ ತಾಣ ಹೌದಾ ಅಂತ ವಿಳಾಸ ನೋಡಿಕೊಳ್ಳಿ.

ಅಪ್ಪ ಅಥವಾ ಅಮ್ಮ ಒಬ್ಬರೇ ಮಗುವನ್ನು ಕರೆದುಕೊಂಡು ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಯೂರೋಪಿನ ಷೆಂಗೆನ್ ವೀಸಾಕ್ಕೆ ಅದನ್ನು ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ಹೋಗುವವರಿಗೆ ಒಂದು ಲಾಭವೂ ಇದೆ. ಆರು ವರ್ಷದೊಳಗಿನವರಿಗೆ ವೀಸಾ ಶುಲ್ಕ ಇಲ್ಲ, 12 ವರ್ಷದೊಳಗಿನವರು ಬೆರಳಚ್ಚು ಕೊಡಬೇಕಿಲ್ಲ.

ಟಿಕೆಟ್ ವಿಷಯಕ್ಕೆ ಬರೋಣ. ಎರಡು ವರ್ಷ ತುಂಬದ ಮಗು ತೊಡೆ ಮೇಲೆ ಕೂರಬಹುದು, ದೊಡ್ಡವರ ದರದ ಸುಮಾರು 10 ಪ್ರತಿಶತ ಕೊಟ್ಟರೆ ಸಾಕು. ಎರಡು ತುಂಬಿತೋ, ಸೀಟು ಬೇಕು, ದರ ಹೆಚ್ಚುಕಡಿಮೆ ನಮ್ಮಷ್ಟೇ. ಪ್ರವಾಸದ ನಡುವೆ ಹುಟ್ಟುಹಬ್ಬ ಬಂದರೆ ವಾಪಸ್ ಬರುವಾಗ ಸೀಟು ತೆಗೆದುಕೊಳ್ಳಲೇಬೇಕು.

ಈಗ ನಿದ್ದೆಯ ಲೆಕ್ಕ. ಬೆಂಗಳೂರಿನಿಂದ ರಾತ್ರಿ ಹನ್ನೊಂದಕ್ಕೆ ಹೊರಡುವ ವಿಮಾನ ಎಲ್ಲರಿಗೂ ಇಷ್ಟ. ಮಗು ಮಲಗಿಬಿಡುತ್ತದೆ ಅಂತ ಲೆಕ್ಕ. ಆದರೆ ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ನೀವು ಇಳಿಯುವಾಗ ಅಲ್ಲಿ ಬೆಳಿಗ್ಗೆ ಆರು, ಮಗುವಿನ ಮೈಗೆ ಮಧ್ಯರಾತ್ರಿ ಮೂರೂವರೆ. ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ನಡುವಿನ ಎಂಟು ಗಂಟೆ ಮಗು, ಸೂಟ್‌ಕೇಸು, ಅರೆನಿದ್ದೆಯ ಗಂಡ, ಎಲ್ಲರನ್ನೂ ಎಳೆದುಕೊಂಡು ತಿರುಗಬೇಕು. ಹಗಲಿನ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ. ರಾತ್ರಿಯದ್ದೇ ಆದರೆ ಹೋಟೆಲಿಗೆ ಹಿಂದಿನ ರಾತ್ರಿಯದ್ದೂ ಸೇರಿಸಿ ದುಡ್ಡು ಕೊಟ್ಟುಬಿಡಿ. ಇಡೀ ಪ್ರವಾಸದಲ್ಲಿ ನಾನು ಹೊಟ್ಟೆ ಉರಿಯದೆ ಕೊಟ್ಟ ಹೆಚ್ಚಿನ ದುಡ್ಡು ಅದೊಂದೇ.

ಅಜ್ಜಿ ಕಟ್ಟಿಕೊಟ್ಟ ಗಂಟು ಬಿಚ್ಚಿ ನೋಡಿ

ಹೊರಡುವ ಹಿಂದಿನ ದಿನ ಅತ್ತೆ ಒಂದು ಚೀಲ ತಂದು ಕೊಟ್ಟರು. ಹುರಿಹಿಟ್ಟು, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ನಿಂಬೆಕಾಯಿ ಉಪ್ಪಿನಕಾಯಿ, ಎರಡು ಗಿಟುಕು ಕೊಬ್ಬರಿ, ಒಂದು ಪೊಟ್ಟಣ ಗಸಗಸೆ. ‘ಅಲ್ಲಿ ಪಾಯಸ ಮಾಡಿಕೊಡು, ಮಗು ಚೆನ್ನಾಗಿ ನಿದ್ದೆ ಮಾಡುತ್ತೆ’ ಅಂದರು.

ಗಸಗಸೆ ಸಿಂಗಾಪುರದಲ್ಲಿ ನಿಷೇಧ. ಅದು ಅಫೀಮು ಗಿಡದ ಬೀಜ, ಮಾದಕವಸ್ತು ಕಾನೂನಿನ ಕೆಳಗೆ ಬರುತ್ತದೆ. ಯುಎಇಯಲ್ಲೂ ಹಾಗೇ. ಒಂದು ಚಮಚವೂ ಬೇಡ. ಮಸಾಲೆಪುಡಿಯಲ್ಲಿ ಗಸಗಸೆ ಹುರಿದು ಹಾಕುವ ಮನೆಯಾದರೆ ಆ ಪುಡಿಯನ್ನೂ ಬಿಟ್ಟುಬಿಡಿ. ಒಣಕೊಬ್ಬರಿಯ ಕಥೆ ಬೇರೆ. ಎಣ್ಣೆ ಜಾಸ್ತಿ ಇರುವುದರಿಂದ ಬೆಂಕಿ ಹತ್ತುವ ಭಯ ಅಂತ ಇಡೀ ಕೊಬ್ಬರಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ಅದೂ ಮನೆಯಲ್ಲೇ ಉಳಿಯಿತು. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ, ದೊಡ್ಡ ಸೂಟ್‌ಕೇಸಿಗೆ ಹಾಕಿ. ತಂಬಾಕಿನ ಗುಟ್ಕಾ, ಚೂಯಿಂಗ್ ಗಮ್ ಸಿಂಗಾಪುರಕ್ಕೆ ಒಯ್ಯುವಂತಿಲ್ಲ. ಗಮ್ ಆಮದು ನಿಂತಿದ್ದು 1992ರಲ್ಲಿ.

ರಾಗಿ ಸರಿ ಹಿಟ್ಟು, ಹುರಿಹಿಟ್ಟು ಇವನ್ನು ಡಬ್ಬಿಗೆ ಹಾಕಿ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ. ಹೆಸರಿಲ್ಲದ ಪುಡಿ ಯಾವ ವಿಮಾನ ನಿಲ್ದಾಣದಲ್ಲೂ ಪ್ರಶ್ನೆಯೇ.

ಔಷಧಿ ಪೆಟ್ಟಿಗೆ: ಜ್ವರದ ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ವಾಂತಿಯ ಔಷಧಿ, ಥರ್ಮಾಮೀಟರ್, ಸೊಳ್ಳೆ ಮುಲಾಮು. ಮಗುವಿನ ತೂಕಕ್ಕೆ ಎಷ್ಟು ಎಂಎಲ್ ಅನ್ನುವುದನ್ನು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಬೇರೆ ದೇಶದಲ್ಲಿ ಲೆಕ್ಕ ಹಾಕುವುದು ಕಷ್ಟ. ಕೋಡೀನ್ ಇರುವ ಕೆಮ್ಮಿನ ಸಿರಪ್ ಯಾರದ್ದೇ ಆಗಲಿ, ಮುಂಗಡ ಅನುಮತಿ ಇಲ್ಲದೆ ಸಿಂಗಾಪುರಕ್ಕೆ ಒಯ್ಯಬಾರದು. ವಿಮಾನದಲ್ಲಿ ನಿದ್ದೆ ಬರಲಿ ಅಂತ ಶೀತದ ಸಿರಪ್ ಕುಡಿಸುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಕೆಲವು ಮಕ್ಕಳು ಅದನ್ನು ಕುಡಿದು ಮಲಗುವ ಬದಲು ಇನ್ನೂ ಹಾರಾಡುತ್ತವೆ.

ಪ್ರಯಾಣ ವಿಮೆ ಮಾಡಿಸಿ. ಅಲ್ಲಿ ಹೊರಗಿನವರಿಗೆ ಆಸ್ಪತ್ರೆ ಖರ್ಚು ವಿಪರೀತ. ಆಂಬುಲೆನ್ಸ್ ಸಂಖ್ಯೆ 995, ಪೊಲೀಸ್ 999.

ವಿಮಾನದಲ್ಲಿ

ಮೂರು ಗಂಟೆ ಮುಂಚೆ ನಿಲ್ದಾಣ ತಲುಪಿ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಮಗುವಿನ ಹಾಲು, ಆಹಾರಕ್ಕೆ 100 ಎಂಎಲ್ ಮಿತಿ ಅನ್ವಯಿಸುವುದಿಲ್ಲ, ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು. ತಪಾಸಣೆಯವರಿಗೆ ಮೊದಲೇ ತೆಗೆದು ತೋರಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ತಳ್ಳುಗಾಡಿಯನ್ನು ವಿಮಾನದ ಬಾಗಿಲವರೆಗೂ ತಳ್ಳಿಕೊಂಡು ಹೋಗಿ ಅಲ್ಲಿ ಕೊಡಬಹುದು. ಇಳಿದ ಮೇಲೆ ಅದು ಬಾಗಿಲಲ್ಲೇ ಸಿಗುತ್ತದೋ, ಸಾಮಾನಿನ ಬೆಲ್ಟ್ ಮೇಲೆ ಬರುತ್ತದೋ ಅಂತ ಕೊಡುವಾಗಲೇ ಕೇಳಿ. ನಾವು ಕೇಳಲಿಲ್ಲ. ಇಳಿದು ಬಾಗಿಲಲ್ಲಿ ಇಪ್ಪತ್ತು ನಿಮಿಷ ಕಾದು ನಿಂತೆವು, ಅದು ಬೆಲ್ಟ್ ಮೇಲೆ ನಮ್ಮ ದಾರಿ ನೋಡುತ್ತಾ ಸುತ್ತುತ್ತಿತ್ತು.

ಇನ್ನೊಂದು ಪಾಠ ನೀರಿನ ಬಾಟಲಿಯದು. ಮಗಳ ಸ್ಟ್ರಾ ಇರುವ ಬಾಟಲಿಯನ್ನು ನೆಲದ ಮೇಲಿದ್ದಾಗ ತುಂಬಿ ಮುಚ್ಚಿದ್ದೆ. ವಿಮಾನ ಮೇಲೇರಿ ಸ್ವಲ್ಪ ಹೊತ್ತಿಗೆ ‘ನೀಲು’ ಅಂದಳು. ಮುಚ್ಚಳ ಸರಿಸಿದ್ದೇ ತಡ, ಸ್ಟ್ರಾದಿಂದ ನೀರು ಪಿಚಕಾರಿ ಹಾಗೆ ಚಿಮ್ಮಿತು. ಪಕ್ಕದ ಸೀಟಿನ ಹಿರಿಯರ ಕನ್ನಡಕಕ್ಕೆ, ಅಲ್ಲಿಂದ ಅವರ ಅಂಗಿಯ ಜೇಬಿಗೆ. ಅವರು ಜೇಬಿನಿಂದ ಬೋರ್ಡಿಂಗ್ ಪಾಸ್ ತೆಗೆದು ಕೊಡವಿದರು, ಒಂದು ಮಾತೂ ಆಡಲಿಲ್ಲ. ಮಗಳು ಮಾತ್ರ ‘ಇನ್ನೊಂದ್ ಸಲ’ ಅಂದಳು. ಆಗಿದ್ದು ಇಷ್ಟೇ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತ ಹಾಗೆ. ಬಾಟಲಿಯೊಳಗೆ ಇನ್ನೂ ನೆಲದ ಗಾಳಿ ಇರುತ್ತದೆ, ಅದು ನೀರನ್ನು ಹೊರಗೆ ತಳ್ಳುತ್ತದೆ. ಸ್ಟ್ರಾ ಬಾಟಲಿಯಾದರೆ ಮೊದಲು ದೊಡ್ಡ ಮುಚ್ಚಳವನ್ನು ನಿಧಾನಕ್ಕೆ ಸಡಿಲಿಸಿ, ಗಾಳಿ ಬಿಡಿಸಿ, ಆಮೇಲೆ ಕೊಡಿ.

ಕಿವಿ ನೋವಿಗೂ ಇದೇ ಕಾರಣ. ಜಾಸ್ತಿ ನೋವಾಗುವುದು ಇಳಿಯುವಾಗ. ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮುಂಚಿನಿಂದ ವಿಮಾನ ಇಳಿಯುತ್ತಿರುತ್ತದೆ. ಆಗ ಏನಾದರೂ ನುಂಗುತ್ತಾ ಇರಲಿ: ಎದೆಹಾಲು, ನೀರು, ಬಾಳೆಹಣ್ಣು. ಮಲಗಿದ್ದರೆ ಆ ಹೊತ್ತಿಗೆ ಮೆಲ್ಲಗೆ ಎಬ್ಬಿಸಿ. ಮಲಗಿರುವಾಗ ಮಗು ಅಷ್ಟಾಗಿ ನುಂಗುವುದಿಲ್ಲ, ನೋವಿನಿಂದ ಕಿರುಚುತ್ತಲೇ ಏಳುತ್ತದೆ. ಜೋರು ಶೀತ, ಕಿವಿಯ ಸೋಂಕು ಇದ್ದರೆ ಹೊರಡುವ ಮುಂಚೆ ವೈದ್ಯರಿಗೆ ತೋರಿಸಿ.

ಅಲ್ಲಿ ಇಳಿದ ಮೇಲೆ: ಗಡಿಯಾರ ಬದಲಾಯಿಸಬೇಡಿ

ನಾಲ್ಕೈದು ದಿನಕ್ಕೆ ಹೋದವರು ಮಗುವನ್ನು ಅಲ್ಲಿನ ಸಮಯಕ್ಕೆ ಒಗ್ಗಿಸಲು ಹೋಗಬೇಡಿ. ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಮಲಗುವ ಮಗು ಅಲ್ಲಿ ಹನ್ನೊಂದೂವರೆಗೆ ಮಲಗುತ್ತದೆ, ಬೆಳಿಗ್ಗೆ ಒಂಬತ್ತರ ಮೇಲೆ ಏಳುತ್ತದೆ. ಮಲಗಲಿ ಬಿಡಿ. ಇದರಿಂದ ಸಂಜೆ ಉದ್ದವಾಗುತ್ತದೆ. ಗಾರ್ಡನ್ಸ್ ಬೈ ದಿ ಬೇಯ ದೊಡ್ಡ ಲೋಹದ ಮರಗಳ ದೀಪದಾಟ ಸಂಜೆ 7:45ಕ್ಕೆ, 8:45ಕ್ಕೆ ನಡೆಯುತ್ತದೆ, ಉಚಿತ. ಸಂಜೆ ಆರಕ್ಕೆ ಆಕಳಿಸುವ ಮಗುವಿಗೆ ಇದು ಸಿಗುವುದಿಲ್ಲ, ನಮ್ಮ ಮಕ್ಕಳಿಗೆ ಆರಾಮಾಗಿ ಸಿಗುತ್ತದೆ. ಮಧ್ಯಾಹ್ನದ ನಿದ್ದೆ ಅಲ್ಲಿನ ಮೂರೂವರೆ, ನಾಲ್ಕಕ್ಕೆ ಬರುತ್ತದೆ. ಹೊರಗೆ ಸುಡುವ ಬಿಸಿಲೋ ಧೋ ಅನ್ನುವ ಮಳೆಯೋ ಇರುವ ಹೊತ್ತು ಅದು. ಕೋಣೆಗೆ ಹೋಗಿ ನೀವೂ ಮಲಗಿ.

ಮನೆಯ ಹೊದಿಕೆಯೊಂದನ್ನು ತೊಳೆಯದೆ ಒಯ್ಯಿರಿ. ಹೊಸ ಜಾಗದಲ್ಲಿ ಆ ವಾಸನೆಗೇ ಮಕ್ಕಳು ಮಲಗುತ್ತವೆ.

ದಿನಕ್ಕೆ ಒಂದೇ ಜಾಗ. ಎರಡು ಅಂದುಕೊಂಡರೆ ಒಂದರಲ್ಲಿ ಅಳು ಗ್ಯಾರಂಟಿ. ಮೃಗಾಲಯಕ್ಕೆ ಮೂರು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಬೊಟಾನಿಕ್ ಗಾರ್ಡನ್ಸ್ 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ತೋಟ. ಅದರ ಜೇಕಬ್ ಬಲ್ಲಾಸ್ ಮಕ್ಕಳ ಉದ್ಯಾನಕ್ಕೂ ದುಡ್ಡಿಲ್ಲ. ಅಲ್ಲಿ ಮಗು ಜೊತೆಗಿಲ್ಲದ ದೊಡ್ಡವರನ್ನು ಒಳಗೆ ಬಿಡುವುದಿಲ್ಲ! ಸೋಮವಾರ ರಜೆ. ಅಲ್ಲಿನ ಚಾಂಗಿ ವಿಮಾನ ನಿಲ್ದಾಣದ ಜುವೆಲ್ ಮಾಲ್‌ನಲ್ಲಿ 40 ಮೀಟರ್ ಎತ್ತರದ ಒಳಾಂಗಣ ಜಲಪಾತ ಇದೆ, ಅದನ್ನು ವಾಪಸ್ ಬರುವ ದಿನಕ್ಕೆ ಇಟ್ಟುಕೊಳ್ಳಿ.

ಓಡಾಟ: 90 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಗುವಿಗೆ ಮೆಟ್ರೊ, ಬಸ್ಸು ಉಚಿತ. ಹೊರಡುವ ಮುಂಚೆ ಗೋಡೆಗೆ ನಿಲ್ಲಿಸಿ ಅಳೆದುಬಿಡಿ. ಮೆಟ್ರೊದೊಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ನೀರೂ ಇಲ್ಲ. ದಂಡ 500 ಡಾಲರ್‌ವರೆಗೆ. ಹತ್ತುವ ಮುಂಚೆಯೇ ಕುಡಿಸಿ, ಬಿಸ್ಕತ್ತು ಚೀಲದ ತಳಕ್ಕೆ ಹಾಕಿ. 1.35 ಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ವಿಶೇಷ ಸೀಟು ಕಡ್ಡಾಯ. ಟ್ಯಾಕ್ಸಿಗೆ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಕರೆಯುವ ಖಾಸಗಿ ಕಾರಿಗೆ ಇಲ್ಲ. ಗ್ರ್ಯಾಬ್ ಅನ್ನುವ ಆ್ಯಪ್‌ನಲ್ಲಿ ಮಕ್ಕಳ ಸೀಟಿರುವ ಕಾರು ಬೇರೆಯಾಗಿ ಸಿಗುತ್ತದೆ, ಅದನ್ನೇ ಆರಿಸಿ.

ಡಯಾಪರ್ ಎರಡು ದಿನದ್ದು ಒಯ್ದರೆ ಸಾಕು, ಎಲ್ಲ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತದೆ. ಶೌಚಾಲಯದಲ್ಲಿ ನೀರಿನ ಪೈಪ್ ಎಲ್ಲ ಕಡೆ ಇರುವುದಿಲ್ಲ. ಒಂದು ಖಾಲಿ ಬಾಟಲಿ ಚೀಲದಲ್ಲಿರಲಿ. ಒಂದು ಸ್ವೆಟರ್ ಕೂಡ. ಹೊರಗೆ ಮಂಗಳೂರಿನ ಸೆಕೆ, ಮಾಲ್ ಒಳಗೆ ಕೊಡಗಿನ ಚಳಿ.

ದಿನಾ ಬೆಳಿಗ್ಗೆ ಹೊರಡುವ ಮುಂಚೆ ಮಗುವಿನ ಪೂರ್ತಿ ಫೋಟೊ ಒಂದು ತೆಗೆದುಕೊಳ್ಳಿ. ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಇರುವ ಚೀಟಿ ಇಡಿ. ಜನಜಂಗುಳಿಯಲ್ಲಿ ಕೈತಪ್ಪಿದರೆ ‘ಯಾವ ಬಣ್ಣದ ಬಟ್ಟೆ’ ಅಂತ ಕೇಳಿದಾಗ ಯಾವ ತಾಯಿಗೂ ಥಟ್ಟನೆ ನೆನಪಾಗುವುದಿಲ್ಲ.

ಊಟ

ಸೆರಂಗೂನ್ ರಸ್ತೆ ಗೊತ್ತಿದ್ದರೆ ಅರ್ಧ ಚಿಂತೆ ಮುಗಿಯಿತು. ಲಿಟಲ್ ಇಂಡಿಯಾ ಇರುವುದು ಅಲ್ಲೇ. 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ ಇದೆ. ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ ನಮ್ಮ ಎಂಟಿಆರ್ ಕೂಡ ಇದೆ. ಅಂಗಡಿಗಳಲ್ಲಿ ಮೊಸರು, ಅಕ್ಕಿ, ಕರಿಬೇವು ಎಲ್ಲ ಸಿಗುತ್ತದೆ. ಹೋಟೆಲನ್ನು ಈ ಕಡೆಯೇ ಹಿಡಿದೆವು. ನೋಡುವ ಜಾಗಗಳಿಂದ ಸ್ವಲ್ಪ ದೂರ ಅನಿಸಿದರೂ ರಾತ್ರಿ ಮೊಸರನ್ನ ಸಿಗುವುದು ದೊಡ್ಡ ಮಾತು.

ಸಸ್ಯಾಹಾರಿಗಳಾದರೆ ಬೇರೆ ಕಡೆ ‘ವೆಜಿಟೇರಿಯನ್’ ಅಂದರೆ ಸಾಲದು. ಒಣಸೀಗಡಿ, ಮೀನಿನ ಸಾಸ್ ಹಾಕಿದ್ದೀರಾ ಅಂತ ಬಿಡಿಸಿ ಕೇಳಿ. ಹೋಟೆಲ್ ಕೋಣೆಯ ಕೆಟಲ್‌ನಲ್ಲಿ ನೀರು ಕಾಯಿಸಿ ಅವಲಕ್ಕಿಗೆ ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಬೆಳಗಿನ ತಿಂಡಿ ಆಯಿತು.

ಒಂದು ಮಧ್ಯಾಹ್ನ ಹಾಕರ್ ಸೆಂಟರ್ ಅನ್ನುವ, ಸಣ್ಣ ಸಣ್ಣ ತಿಂಡಿ ಅಂಗಡಿಗಳು ಒಟ್ಟಿಗಿರುವ ಜಾಗವೊಂದರಲ್ಲಿ ಕೂತಿದ್ದೆವು. ಅಲ್ಲಿ ಗೊರವಂಕದಂಥ ಕಪ್ಪು ಹಕ್ಕಿಗಳು ಬಿಟ್ಟುಹೋದ ತಟ್ಟೆಗಳ ಮೇಲೆ ಇಳಿದು ಅನ್ನ ಕದಿಯುತ್ತವೆ. ಮಗಳು ಕುರ್ಚಿ ಮೇಲೆ ಮೊಣಕಾಲೂರಿ ನಲವತ್ತು ನಿಮಿಷ ಅದನ್ನೇ ನೋಡಿದಳು. ಟಿಕೆಟ್ ತೆಗೆದಿಟ್ಟ ಜಾಗಕ್ಕೆ ಹೋಗಲು ತಡವಾಗುತ್ತಿತ್ತು. ಗಂಡ ಎರಡು ಸಲ ಗಡಿಯಾರ ನೋಡಿದರು, ಮೂರನೇ ಸಲ ಇನ್ನೊಂದು ಟೀ ತಂದುಕೊಂಡರು. ಆ ದಿನದ ಟಿಕೆಟ್ ದುಡ್ಡು ಹೋಯಿತು. ಹಾಗಾಗಿ ಇನ್ನೊಂದು ಸಲಹೆ: ದಿನಾಂಕ ಬದಲಾಯಿಸಲು ಬಿಡುವ ಟಿಕೆಟನ್ನೇ ಕೊಳ್ಳಿ, ಸ್ವಲ್ಪ ದುಬಾರಿಯಾದರೂ ಸರಿ.

ವಾಪಸ್ ಬಂದ ಮೇಲೆ

ಮರುದಿನವೇ ಪ್ಲೇಹೋಮ್‌ಗೆ ಕಳಿಸಬೇಡಿ, ನೀವೂ ಆಫೀಸಿಗೆ ಹೋಗಬೇಡಿ. ಗಡಿಯಾರ ಬದಲಾಯಿಸದೆ ಬಂದಿದ್ದರೆ ನಿದ್ದೆ ಒಂದೇ ದಿನದಲ್ಲಿ ದಾರಿಗೆ ಬರುತ್ತದೆ. ಸೂಟ್‌ಕೇಸು ಬಿಚ್ಚುವ ಮುಂಚೆ ಒಂದು ಕೆಲಸ ಇದೆ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು. ಆರು ತಿಂಗಳು ಬಾಕಿ ಇರಬೇಕು ಅನ್ನುವ ನಿಯಮ ಕಳೆದರೆ ಕೈಗೆ ಸಿಗುವುದು ನಾಲ್ಕೂವರೆ. ಆ ತಾರೀಖನ್ನು ಫೋನಿನ ಕ್ಯಾಲೆಂಡರಿನಲ್ಲಿ ಈಗಲೇ ಹಾಕಿಡಿ.